ಪಟ್ಟಿಯ ಅಂಶಗಳ ಅಸಿಂಕ್ರೊನಸ್ ಪರೀಕ್ಷೆ: ‘ಎವೆರಿ’ ಯಾವಾಗಲೂ ನಿಜ ಎನ್ನುವುದೇಕೆ?

ಪ್ರಶ್ನೆ: ನೋಡ್‌ನಲ್ಲಿ (ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ನಡೆಸುವ ವ್ಯವಸ್ಥೆ) ಬರೆದ ನನ್ನ ಪ್ರೋಗ್ರಾಮಿನಲ್ಲಿ ಸುಮಾರು 3000 ಫೈಲ್‌ಗಳ ಹೆಸರಿರುವ ಒಂದು ಅರೇ (ಪಟ್ಟಿ) ಇದೆ. ಮುಂದಿನ ಕೆಲಸ ಶುರುವಾಗುವ ಮೊದಲು ಎಲ್ಲ ಫೈಲ್‌ಗಳೂ ಓದಲು ಸಿಗುತ್ತವೆಯೇ ಎಂದು ನೋಡಿಕೊಳ್ಳಬೇಕು. ಎಲ್ಲ ಅಂಶಗಳೂ ಸರಿಯೇ ಎಂದು ನೋಡುವ, ಅರೇಯ ‘ಎವೆರಿ’ ಮೆಥಡ್‌ಗೆ ಅಸಿಂಕ್ ಫಂಕ್ಷನ್ (ಉತ್ತರವನ್ನು ಆಮೇಲೆ ಕೊಡುವ ಫಂಕ್ಷನ್) ಕೊಟ್ಟರೆ, ಕೆಲವು ಫೈಲ್‌ಗಳನ್ನು ಅಳಿಸಿದ ಮೇಲೂ ಅದು ‘ನಿಜ’ ಎಂದೇ ಹೇಳುತ್ತದೆ. ಅದನ್ನು ಬಿಟ್ಟು ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಕರೆಯಲೆಂದು ಕೊಡುವ ಫಂಕ್ಷನ್) ಬಳಸಿ ನಾನೇ ಒಂದು ಫಂಕ್ಷನ್ ಬರೆದೆ. ಈಗ ಕೊನೆಯ ಕಾಲ್‌ಬ್ಯಾಕ್ ಕೆಲವೊಮ್ಮೆ ಎರಡು ಮೂರು ಬಾರಿ ಬರುತ್ತದೆ, ಅರೇ ಖಾಲಿ ಇದ್ದಾಗ ಬರುವುದೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಎರಡು ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ಸಾಮಾನ್ಯ ಲೂಪಿನಲ್ಲಿ ಪ್ರಶ್ನೆ ಕೇಳಿದ ಕ್ಷಣ, ಒಟ್ಟು ಉತ್ತರ ತಿಳಿದ ಕ್ಷಣ, ಕೆಲಸವೆಲ್ಲ ಮುಗಿದ ಕ್ಷಣ, ಈ ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಅಂಶ ತಪ್ಪಿತೆಂದು ಕಂಡೊಡನೆ ಫಂಕ್ಷನ್ ಹಿಂದಿರುಗುತ್ತದೆ, ಹಿಂದಿರುಗಿದ ಮೇಲೆ ಅದರ ಯಾವ ಕೆಲಸವೂ ಬಾಕಿ ಉಳಿದಿರುವುದಿಲ್ಲ. ಪರೀಕ್ಷೆ ಅಸಿಂಕ್ರೊನಸ್ ಆದೊಡನೆ ಈ ಮೂರು ಕ್ಷಣಗಳು ದೂರ ದೂರ ಸರಿಯುತ್ತವೆ. ಕೇಳಿದಾಗ ಉತ್ತರ ಸಿದ್ಧವಿರುವುದಿಲ್ಲ. ಉತ್ತರ ತಿಳಿದಾಗ ಕೆಲಸ ಮುಗಿದಿರುವುದಿಲ್ಲ. ಅರೇಯ ‘ಎವೆರಿ’ ಮೊದಲನೆಯ ಅಂತರವನ್ನು ಅರಿಯದು, ನೀವು ಬರೆದ ಫಂಕ್ಷನ್ ಎರಡನೆಯದನ್ನು ಅರಿಯದು.

ಮೊದಲು ‘ಎವೆರಿ’ಯ ವಿಷಯ. ‘ಎವೆರಿ’, ‘ಸಮ್’ (ಒಂದಾದರೂ ಸರಿಯೇ ಎಂದು ನೋಡುವುದು), ‘ಫಿಲ್ಟರ್’ (ಸರಿಯಾದವನ್ನು ಸೋಸುವುದು) ಈ ಮೂರು ಮೆಥಡ್‌ಗಳು ಜಾವಾಸ್ಕ್ರಿಪ್ಟ್‌ನ ಅಧಿಕೃತ ನಿರೂಪಣೆಗೆ ಸೇರಿದ್ದು 2009ರ ಡಿಸೆಂಬರಿನಲ್ಲಿ, ಎಕ್ಮಾಸ್ಕ್ರಿಪ್ಟ್‌ನ 5ನೆಯ ಆವೃತ್ತಿಯೊಂದಿಗೆ. ಪ್ರಾಮಿಸ್ (ಮುಂದೆ ಬರಲಿರುವ ಮೌಲ್ಯದ ಬದಲಿಗೆ ನಿಲ್ಲುವ ಆಬ್ಜೆಕ್ಟ್) ಭಾಷೆಯ ಭಾಗವಾದದ್ದು 2015ರಲ್ಲಿ, ಅಸಿಂಕ್ ಫಂಕ್ಷನ್ ಬಂದದ್ದು 2017ರಲ್ಲಿ. ಹೀಗಾಗಿ ‘ಎವೆರಿ’ಗೆ ಗೊತ್ತಿರುವುದು ಒಂದೇ ಕೆಲಸ: ಕೊಟ್ಟ ಫಂಕ್ಷನ್ನನ್ನು ಕರೆಯುವುದು, ಅದು ಹಿಂತಿರುಗಿಸಿದ್ದು ನಿಜವೋ ಸುಳ್ಳೋ ಎಂದು ಆ ಕ್ಷಣದಲ್ಲೇ ತೀರ್ಮಾನಿಸುವುದು. ಅಸಿಂಕ್ ಫಂಕ್ಷನ್ ಯಾವಾಗಲೂ ಹಿಂತಿರುಗಿಸುವುದು ಒಂದು ಪ್ರಾಮಿಸ್ ಆಬ್ಜೆಕ್ಟನ್ನು, ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಇಂಥ ಆಬ್ಜೆಕ್ಟ್ ಎಂದರೆ ‘ನಿಜ’ವೇ. ಮುಂದೆ ಆ ಪ್ರಾಮಿಸ್ ‘ಸುಳ್ಳು’ ಎಂಬ ಮೌಲ್ಯಕ್ಕೆ ಬಂದು ನಿಲ್ಲುತ್ತದೆ ಎಂಬುದು ‘ಎವೆರಿ’ಗೆ ತಿಳಿಯುವ ದಾರಿಯೇ ಇಲ್ಲ. ಅದು ಪೊಟ್ಟಣವನ್ನು ಬಿಚ್ಚದೆಯೇ, ಪೊಟ್ಟಣ ಕೈಗೆ ಬಂತಲ್ಲ ಎಂದು ಒಪ್ಪಿಕೊಳ್ಳುತ್ತದೆ.

ಇದೇ ತಪ್ಪು ಬೇರೆ ಬೇರೆ ಮೆಥಡ್‌ಗಳಲ್ಲಿ ಬೇರೆ ಬೇರೆ ಮುಖ ತೋರಿಸುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ‘ಎವೆರಿ’ ಪ್ರತಿ ಸಲವೂ ನಿಜವನ್ನೇ ಕಾಣುವುದರಿಂದ ಎಲ್ಲಿಯೂ ನಿಲ್ಲದೆ 3000 ಪರೀಕ್ಷೆಗಳನ್ನೂ ಹೊರಡಿಸಿ, ಒಂದೂ ಮುಗಿಯುವ ಮೊದಲೇ ‘ನಿಜ’ ಎಂದು ಹಿಂದಿರುಗುತ್ತದೆ. ‘ಸಮ್’ ಮೊದಲನೆಯ ಅಂಶದಲ್ಲೇ ನಿಜವನ್ನು ಕಂಡು ನಿಂತುಬಿಡುವುದರಿಂದ ಒಂದೇ ಒಂದು ಪರೀಕ್ಷೆ ನಡೆಯುತ್ತದೆ. ‘ಫಿಲ್ಟರ್’ ಯಾವುದನ್ನೂ ಸೋಸದೆ ಇಡೀ ಪಟ್ಟಿಯ ನಕಲನ್ನು ಕೊಡುತ್ತದೆ, ಸರಿಹೊಂದುವ ಅಂಶವನ್ನು ಹುಡುಕುವ ‘ಫೈಂಡ್’ ಯಾವಾಗಲೂ ಪಟ್ಟಿಯ ಮೊದಲನೆಯ ಅಂಶವನ್ನೇ ಕೊಡುತ್ತದೆ. ಯಾವುದರಲ್ಲೂ ಎರರ್ ಕಾಣುವುದಿಲ್ಲ. ‘ಎವೆರಿ’ಯ ಮುಂದೆ, ಪ್ರಾಮಿಸ್‌ನ ಉತ್ತರಕ್ಕೆ ಕಾಯಿಸುವ ‘ಅವೇಟ್’ ಸೇರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಆಗ ಕಾಯುತ್ತಿರುವುದು ಈಗಾಗಲೇ ಕೈಯಲ್ಲಿರುವ ‘ನಿಜ’ ಎಂಬ ಮೌಲ್ಯಕ್ಕೆ.

ಇನ್ನೊಂದು ಮಾತು. ನಿಮ್ಮ ಅಸಿಂಕ್ ಫಂಕ್ಷನ್ ಒಳಗಡೆಯೇ ಎರರ್ ಹಿಡಿದು ‘ಸುಳ್ಳು’ ಎಂದು ಹಿಂತಿರುಗಿಸುತ್ತಿರಬೇಕು. ಹಾಗೆ ಮಾಡದೆ ಎರರನ್ನು ಹೊರಗೆ ಬಿಟ್ಟಿದ್ದರೆ, ‘ಎವೆರಿ’ ಕೈಬಿಟ್ಟ ಆ ಪ್ರಾಮಿಸ್‌ಗಳ ರಿಜೆಕ್ಷನ್ನನ್ನು (ಎರರ್‌ನಿಂದ ಸೋತ ಸ್ಥಿತಿಯನ್ನು) ಹಿಡಿಯುವವರು ಯಾರೂ ಇರುತ್ತಿರಲಿಲ್ಲ. ನೋಡ್‌ನ 15ನೆಯ ಆವೃತ್ತಿಯಿಂದೀಚೆಗೆ ಯಾರೂ ಹಿಡಿಯದ ರಿಜೆಕ್ಷನ್ ಬಂದರೆ ಪ್ರೋಗ್ರಾಮ್ ಅಲ್ಲಿಗೇ ನಿಲ್ಲುವುದು ಸಹಜ ವರ್ತನೆಯಾಗಿದೆ. ತಪ್ಪು ಮೌನವಾಗಿರುವುದಕ್ಕಿಂತ ಅದೇ ಮೇಲಾಗಿತ್ತು ಎನ್ನಬಹುದು.

ಈಗ ನೀವೇ ಬರೆದ ಫಂಕ್ಷನ್. ಕೋಡ್ ಕಳಿಸಿಲ್ಲವಾದರೂ ನೀವು ಹೇಳಿದ ಲಕ್ಷಣಗಳಿಂದ ಅದರ ಆಕಾರವನ್ನು ಊಹಿಸಬಹುದು. ಒಂದು ಎಣಿಕೆ ಇದೆ, ಲೂಪಿನಲ್ಲಿ ಪ್ರತಿ ಫೈಲಿಗೂ ಪರೀಕ್ಷೆ ಹೊರಡುತ್ತದೆ, ಪ್ರತಿ ಉತ್ತರ ಬಂದಾಗ ಎಣಿಕೆ ಒಂದು ಇಳಿಯುತ್ತದೆ. ಉತ್ತರ ‘ಸುಳ್ಳು’ ಆದರೆ ಕೊನೆಯ ಕಾಲ್‌ಬ್ಯಾಕ್‌ಗೆ ‘ಸುಳ್ಳು’ ಕೊಡುತ್ತೀರಿ, ಎಣಿಕೆ ಸೊನ್ನೆಗೆ ಬಂದರೆ ‘ನಿಜ’ ಕೊಡುತ್ತೀರಿ. ಓದಲು ಸರಿಯಾಗಿಯೇ ಕಾಣುತ್ತದೆ. ಆದರೆ ಎರಡು ಫೈಲ್‌ಗಳು ಕಾಣೆಯಾಗಿದ್ದರೆ ‘ಸುಳ್ಳು’ ಎರಡು ಬಾರಿ ಹೋಗುತ್ತದೆ. ಅಷ್ಟೇ ಅಲ್ಲ, ಕಾಣೆಯಾದ ಫೈಲಿನ ಉತ್ತರಕ್ಕೂ ಎಣಿಕೆ ಇಳಿಯುತ್ತಿದ್ದರೆ, ಕಟ್ಟಕಡೆಗೆ ಅದು ಸೊನ್ನೆ ಮುಟ್ಟಿ ‘ನಿಜ’ ಎಂಬುದೂ ಹೋಗುತ್ತದೆ. ಮೊದಲು ‘ಇಲ್ಲ’ ಎಂದವರು ಸ್ವಲ್ಪ ಹೊತ್ತಿನ ಬಳಿಕ ‘ಹೌದು’ ಎನ್ನುವುದು ಎರಡು ಬಾರಿ ‘ಇಲ್ಲ’ ಎನ್ನುವುದಕ್ಕಿಂತ ಹೆಚ್ಚು ಹಾನಿಕರ. ಅರೇ ಖಾಲಿ ಇದ್ದಾಗ ಲೂಪ್ ಒಮ್ಮೆಯೂ ತಿರುಗುವುದಿಲ್ಲ. ಎಣಿಕೆಯನ್ನು ನೋಡುವ ಸಾಲು ಕಾಲ್‌ಬ್ಯಾಕಿನ ಒಳಗೆ ಮಾತ್ರ ಇರುವುದರಿಂದ ಸೊನ್ನೆಯನ್ನು ಯಾರೂ ಗಮನಿಸುವುದಿಲ್ಲ.

ತಿದ್ದುವ ಕ್ರಮ ಹೀಗಿದೆ. ಎಣಿಕೆಯ ಜೊತೆಗೆ ‘ಉತ್ತರ ಕೊಟ್ಟಾಯಿತು’ ಎಂಬ ಒಂದು ಗುರುತನ್ನು ಇಟ್ಟುಕೊಳ್ಳಿ. ಯಾವ ಅಂಶದಿಂದ ಉತ್ತರ ಬಂದರೂ ಮೊದಲು ಆ ಗುರುತನ್ನು ನೋಡಿ. ಅದು ಆಗಲೇ ಬಿದ್ದಿದ್ದರೆ ಏನೂ ಮಾಡದೆ ಹಿಂದಿರುಗಿ. ಬಿದ್ದಿಲ್ಲದಿದ್ದು, ಬಂದದ್ದು ಎರರ್ ಅಥವಾ ‘ಸುಳ್ಳು’ ಆಗಿದ್ದರೆ ಮೊದಲು ಗುರುತು ಹಾಕಿ, ಆಮೇಲೆ ಕೊನೆಯ ಕಾಲ್‌ಬ್ಯಾಕನ್ನು ಕರೆಯಿರಿ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ, ಏಕೆಂದರೆ ಕೊನೆಯ ಕಾಲ್‌ಬ್ಯಾಕ್ ತಾನೇ ಇನ್ನೇನನ್ನೋ ಕರೆದು ಮತ್ತೆ ಇಲ್ಲಿಗೇ ಬರಬಹುದು. ಬಂದದ್ದು ‘ನಿಜ’ ಆಗಿದ್ದರೆ ಮಾತ್ರ ಎಣಿಕೆಯನ್ನು ಇಳಿಸಿ, ಸೊನ್ನೆಯಾದರೆ ಗುರುತು ಹಾಕಿ ‘ನಿಜ’ ಕೊಡಿ. ಲೂಪ್ ಶುರುವಾಗುವ ಮೊದಲೇ, ಉದ್ದ ಸೊನ್ನೆಯಾಗಿದ್ದರೆ ನೇರವಾಗಿ ‘ನಿಜ’ ಕೊಟ್ಟು ಮುಗಿಸಿ.

ಖಾಲಿ ಪಟ್ಟಿಗೆ ‘ನಿಜ’ ಏಕೆ ಎಂದು ಕೇಳುವವರು ಬಹಳ ಮಂದಿ. ಒಂದು ಪಟ್ಟಿಯನ್ನು ಎರಡು ತುಂಡು ಮಾಡಿ, ಎರಡರಲ್ಲೂ ‘ಎಲ್ಲವೂ ಸರಿ’ ಎಂದಾದರೆ ಇಡೀ ಪಟ್ಟಿಯೂ ಸರಿ ಎನ್ನಬೇಕಲ್ಲವೇ? ಒಂದು ತುಂಡು ಖಾಲಿಯಾಗಿದ್ದರೂ ಈ ಮಾತು ನಿಲ್ಲಬೇಕಾದರೆ ಖಾಲಿ ತುಂಡಿನ ಉತ್ತರ ‘ನಿಜ’ವೇ ಆಗಿರಬೇಕು. ಅದೇ ತರ್ಕದಿಂದ ‘ಒಂದಾದರೂ ಇದೆಯೇ’ ಎಂಬ ‘ಸಮ್’ಗೆ ಖಾಲಿ ಪಟ್ಟಿಯ ಉತ್ತರ ‘ಸುಳ್ಳು’. ಆದರೆ ನಿಮ್ಮ ಪಟ್ಟಿ ಖಾಲಿಯಾಗಿರುವುದೇ ಒಂದು ಅನುಮಾನದ ಸಂಗತಿಯಾಗಿದ್ದರೆ, ಅದನ್ನು ಪರೀಕ್ಷೆಯ ಫಂಕ್ಷನ್ನಿನೊಳಗೆ ತುರುಕದೆ, ಅದಕ್ಕೂ ಮೊದಲೇ ಬೇರೆಯಾಗಿ ನೋಡಿಕೊಳ್ಳಿ.

ಎಣಿಕೆಯನ್ನು ಎಲ್ಲಿ ಹೊಂದಿಸುತ್ತೀರಿ ಎಂಬುದೂ ಮುಖ್ಯ. ಪರೀಕ್ಷೆ ಹೊರಟಂತೆಲ್ಲ ಎಣಿಕೆಯನ್ನು ಒಂದೊಂದಾಗಿ ಏರಿಸುವ ಕೋಡನ್ನು ನಾನು ಹಲವು ಬಾರಿ ಕಂಡಿದ್ದೇನೆ. ಎಲ್ಲ ಉತ್ತರಗಳೂ ತಡವಾಗಿ ಬರುವವರೆಗೆ ಅದು ಸರಿಯಾಗಿ ನಡೆಯುತ್ತದೆ. ಎಂದೋ ಒಂದು ದಿನ ಪರೀಕ್ಷೆಯ ಫಂಕ್ಷನ್‌ಗೆ ಕ್ಯಾಶ್ (ಹಿಂದಿನ ಉತ್ತರಗಳನ್ನು ನೆನಪಿಡುವ ಜಾಗ) ಸೇರುತ್ತದೆ, ಮೊದಲನೆಯ ಅಂಶದ ಉತ್ತರ ಕ್ಯಾಶ್‌ನಿಂದ ಆ ಕ್ಷಣದಲ್ಲೇ ಬರುತ್ತದೆ, ಒಂದಕ್ಕೆ ಏರಿದ್ದ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಉಳಿದ 2999 ಅಂಶಗಳು ಹೊರಡುವ ಮೊದಲೇ ‘ಎಲ್ಲವೂ ಸರಿ’ ಎಂಬ ಉತ್ತರ ಹೊರಬೀಳುತ್ತದೆ. ಎಣಿಕೆಯನ್ನು ಲೂಪಿಗೆ ಮೊದಲೇ ಪೂರ್ತಿ ಉದ್ದಕ್ಕೆ ಹೊಂದಿಸಿದರೆ ಈ ಅಪಾಯವಿಲ್ಲ. (ಅರೇಯಲ್ಲಿ ನಡುವೆ ಖಾಲಿ ಸ್ಥಾನಗಳಿದ್ದರೆ ‘ಫಾರ್‌ಈಚ್’ ಅವುಗಳನ್ನು ದಾಟಿಹೋಗುತ್ತದೆ, ಉದ್ದ ಮಾತ್ರ ಅವುಗಳನ್ನೂ ಎಣಿಸಿರುತ್ತದೆ, ಆಗ ಎಣಿಕೆ ಎಂದೂ ಸೊನ್ನೆ ಮುಟ್ಟುವುದಿಲ್ಲ. ಸಾಮಾನ್ಯ ‘ಫಾರ್’ ಲೂಪ್ ಬಳಸುವುದು ಲೇಸು.)

ಕೆಲವೊಮ್ಮೆ ಆ ಕ್ಷಣದಲ್ಲೇ, ಕೆಲವೊಮ್ಮೆ ತಡವಾಗಿ ಬರುವ ಕಾಲ್‌ಬ್ಯಾಕ್ ಬೇರೆ ಕಡೆಯೂ ಕಾಡುತ್ತದೆ. ಒಂದಾದ ಮೇಲೊಂದರಂತೆ ಪರೀಕ್ಷಿಸುವ ಫಂಕ್ಷನ್ ಬರೆದರೆ, ಒಂದರ ಉತ್ತರ ಬಂದಾಗ ಮುಂದಿನದನ್ನು ಕರೆಯುತ್ತೀರಿ. ಉತ್ತರಗಳೆಲ್ಲ ಆ ಕ್ಷಣದಲ್ಲೇ ಬಂದರೆ ಕರೆಗಳು ಒಂದರೊಳಗೊಂದು ಸೇರಿಕೊಳ್ಳುತ್ತ ಹೋಗಿ, ಪಟ್ಟಿ ದೊಡ್ಡದಾದಾಗ ಮುಗಿಯದ ಕರೆಗಳನ್ನು ನೆನಪಿಡುವ ಕಾಲ್ ಸ್ಟ್ಯಾಕ್ ಮಿತಿ ಮೀರಿ ಪ್ರೋಗ್ರಾಮ್ ಬೀಳುತ್ತದೆ. ಆದ್ದರಿಂದ ನೀವು ಇತರರಿಗಾಗಿ ಬರೆಯುವ ಫಂಕ್ಷನ್ ತನ್ನ ಕಾಲ್‌ಬ್ಯಾಕನ್ನು ಯಾವಾಗಲೂ ತಡವಾಗಿಯೇ ಕರೆಯಲಿ, ಉತ್ತರ ಕೈಯಲ್ಲೇ ಇದ್ದರೂ ‘ಸೆಟ್‌ಇಮ್ಮೀಡಿಯೆಟ್’ ಮೂಲಕ ಒಂದು ಸುತ್ತು ದಾಟಿಸಿ ಕೊಡಲಿ. ಮೇಲೆ ಹೇಳಿದ ಖಾಲಿ ಪಟ್ಟಿಯ ‘ನಿಜ’ಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಕೊನೆಯ ಕಾಲ್‌ಬ್ಯಾಕ್ ಹಲವು ಬಾರಿ ಬರುವುದಕ್ಕೆ ಇನ್ನೂ ಒಂದು ಕಾರಣವಿದೆ, ಅದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಪ್ರಾಮಿಸ್ ಕೊಡುವ ಫಂಕ್ಷನ್ನನ್ನು ಕಾಲ್‌ಬ್ಯಾಕ್ ಶೈಲಿಗೆ ತರುವಾಗ, ‘ದೆನ್’ನಲ್ಲಿ (ಪ್ರಾಮಿಸ್ ಯಶಸ್ವಿಯಾದಾಗ ನಡೆಯುವ ಭಾಗದಲ್ಲಿ) ಕಾಲ್‌ಬ್ಯಾಕ್‌ಗೆ ಉತ್ತರ ಕೊಟ್ಟು, ಅದರ ಮುಂದೆ ಎರರ್ ಹಿಡಿಯುವ ‘ಕ್ಯಾಚ್’ ಪೋಣಿಸಿ ಅಲ್ಲಿ ಎರರನ್ನು ಅದೇ ಕಾಲ್‌ಬ್ಯಾಕ್‌ಗೆ ಕೊಡುವ ಅಭ್ಯಾಸ ವ್ಯಾಪಕವಾಗಿದೆ. ಉತ್ತರ ಪಡೆದ ಕಾಲ್‌ಬ್ಯಾಕ್ ಒಳಗೆ ಯಾವುದೋ ಸಂಬಂಧವಿಲ್ಲದ ಸಾಲು ಎರರ್ ಎಸೆದರೆ, ಆ ಎರರನ್ನು ಈ ‘ಕ್ಯಾಚ್’ ಹಿಡಿದು ಅದೇ ಕಾಲ್‌ಬ್ಯಾಕನ್ನು ಎರಡನೆಯ ಬಾರಿ ಕರೆಯುತ್ತದೆ. ಪರೀಕ್ಷೆ ಯಶಸ್ವಿಯಾಗಿದ್ದರೂ ಅದು ಸೋತಿತೆಂಬ ಸುದ್ದಿ ಹಿಂದೆಯೇ ಬರುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರೋಗ್ರಾಮಿನಲ್ಲಿ ಇದೇ ಕಾರಣಕ್ಕೆ ಒಂದೇ ವರದಿ ಎರಡೆರಡು ಬಾರಿ ತಯಾರಾಗುತ್ತಿತ್ತು, ಮತ್ತು ನಾನು ಎರಡು ದಿನ ತಪ್ಪಾದ ಫೈಲನ್ನೇ ಓದುತ್ತ ಕುಳಿತಿದ್ದೆ. ‘ದೆನ್’ಗೆ ಯಶಸ್ಸಿನ ಮತ್ತು ಸೋಲಿನ ಎರಡು ಫಂಕ್ಷನ್‌ಗಳನ್ನೂ ಒಟ್ಟಿಗೇ ಕೊಟ್ಟರೆ ಇದು ತಪ್ಪುತ್ತದೆ. ಜೊತೆಗೆ ಪ್ರತಿ ಅಂಶಕ್ಕೂ ‘ಈ ಅಂಶದ ಉತ್ತರ ಬಂದಾಯಿತು’ ಎಂಬ ಸ್ವಂತ ಗುರುತು ಇರಲಿ; ಇಲ್ಲದಿದ್ದರೆ ಒಂದೇ ಅಂಶ ಎರಡು ಬಾರಿ ‘ನಿಜ’ ಎಂದು, ಇನ್ನೊಂದರ ಪಾಲಿನ ಎಣಿಕೆಯನ್ನೂ ಇಳಿಸಿಬಿಡುತ್ತದೆ. ನೋಡ್‌ ಬಳಸುವವರಿಗೆ ಚಿರಪರಿಚಿತವಾದ ‘ಅಸಿಂಕ್’ ಲೈಬ್ರರಿ ಇಂಥ ಎರಡನೆಯ ಕರೆ ಬಂದಾಗ ಸುಮ್ಮನಿರದೆ, ಕಾಲ್‌ಬ್ಯಾಕನ್ನು ಆಗಲೇ ಕರೆಯಲಾಗಿದೆ ಎಂದು ಎರರ್ ಎಸೆಯುತ್ತದೆ. ನನಗೂ ಅದೇ ಸರಿಯೆನಿಸುತ್ತದೆ, ಏಕೆಂದರೆ ಎರಡು ಬಾರಿ ಉತ್ತರಿಸುವ ಪರೀಕ್ಷೆಯಲ್ಲಿ ಎಲ್ಲೋ ಬಗ್ ಇದೆ ಎಂದೇ ಅರ್ಥ.

ಇನ್ನು ಉತ್ತರದ ಸ್ವರೂಪಕ್ಕೆ ಬರೋಣ. ಸಾಮಾನ್ಯ ಲೂಪಿನ ಪರೀಕ್ಷೆಗೆ ಎರಡು ಉತ್ತರ ಸಾಕು. ಡಿಸ್ಕ್, ನೆಟ್‌ವರ್ಕ್, ಡೇಟಾಬೇಸ್‌ಗಳನ್ನು ಕೇಳುವ ಪರೀಕ್ಷೆಗೆ ಮೂರು ಬೇಕು: ಹೌದು, ಇಲ್ಲ, ತಿಳಿಯಲಾಗಲಿಲ್ಲ. ನೋಡ್‌ನಲ್ಲಿ ಕಾಲ್‌ಬ್ಯಾಕಿನ ಮೊದಲ ಸ್ಥಾನವನ್ನು ಎರರ್‌ಗೆ ಮೀಸಲಿಡುವ ಪದ್ಧತಿ ಈ ಮೂರನೆಯ ಉತ್ತರಕ್ಕಾಗಿಯೇ ಇದೆ. ಇದಕ್ಕೆ ಹೊರತಾಗಿದ್ದ, ಫೈಲ್ ಕೆಲಸಗಳ ‘ಎಫ್ಎಸ್’ ಮಾಡ್ಯೂಲಿನ ‘ಎಕ್ಸಿಸ್ಟ್ಸ್’ ಫಂಕ್ಷನ್ ಕಾಲ್‌ಬ್ಯಾಕ್‌ಗೆ ನಿಜ ಅಥವಾ ಸುಳ್ಳನ್ನು ಮಾತ್ರ ಕೊಡುತ್ತಿತ್ತು, ಎರರ್‌ಗೆ ಅಲ್ಲಿ ಜಾಗವೇ ಇರಲಿಲ್ಲ. ಅದನ್ನು ಬಳಸಬೇಡಿ ಎಂದು ನೋಡ್‌ನ ದಾಖಲೆಗಳು ಬಹಳ ಕಾಲದಿಂದ ಹೇಳುತ್ತಿವೆ. ‘ಅಸಿಂಕ್’ ಲೈಬ್ರರಿಯ ‘ಎವೆರಿ’, ‘ಸಮ್’, ‘ಫಿಲ್ಟರ್’ಗಳೂ ಮೊದಲು ಇದೇ ಮಾದರಿಯಲ್ಲಿದ್ದವು, 2016ರಲ್ಲಿ ಬಂದ 2ನೆಯ ಆವೃತ್ತಿಯಲ್ಲಿ ಅವಕ್ಕೂ ಎರರ್‌ನ ಮೊದಲ ಸ್ಥಾನ ಸೇರಿತು. ಹಳೆಯ ಉದಾಹರಣೆಯನ್ನು ನೋಡಿ ಹೊಸ ಆವೃತ್ತಿಯಲ್ಲಿ ‘ನಿಜ’ವನ್ನು ಒಂದನೆಯ ಸ್ಥಾನದಲ್ಲಿ ಕೊಟ್ಟರೆ ಅದು ಎರರ್ ಎಂದು ಎಣಿಕೆಯಾಗುತ್ತದೆ ಎಂಬುದನ್ನು ನೆನಪಿಡಿ.

ನಿಮ್ಮ ಸಂದರ್ಭದಲ್ಲಿ ಇದರ ಅರ್ಥವೇನೆಂದರೆ, ಫೈಲ್ ಇಲ್ಲ ಎಂಬ ಎರರ್ ಬಂದರೆ ಅದು ‘ಸುಳ್ಳು’. ಓದಲು ಅನುಮತಿಯಿಲ್ಲ ಎಂಬ ಎರರ್ ಬಂದರೆ, ನೀವು ಕೇಳಿದ್ದು ‘ಓದಲು ಸಿಗುತ್ತದೆಯೇ’ ಎಂದಾದ್ದರಿಂದ, ಅದೂ ‘ಸುಳ್ಳು’. ಡಿಸ್ಕ್ ಓದುವಲ್ಲೇ ದೋಷ, ತೆರೆದ ಫೈಲ್‌ಗಳ ಸಂಖ್ಯೆ ಮಿತಿ ಮೀರಿತು ಎಂಬಂಥ ಎರರ್‌ಗಳು ಮಾತ್ರ ಫೈಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಅವು ‘ತಿಳಿಯಲಾಗಲಿಲ್ಲ’ ಎಂಬ ವರ್ಗಕ್ಕೆ ಸೇರುತ್ತವೆ. ಎಲ್ಲ ಎರರ್‌ಗಳನ್ನೂ ಒಂದೇ ‘ಕ್ಯಾಚ್’ನಲ್ಲಿ ಹಿಡಿದು ‘ಸುಳ್ಳು’ ಎಂದರೆ, ಎಲ್ಲ ಫೈಲ್‌ಗಳೂ ಇದ್ದಾಗಲೂ ಬಳಕೆದಾರರಿಗೆ ಫೈಲ್ ಇಲ್ಲವೆಂದು ಹೇಳಬೇಕಾಗುತ್ತದೆ.

ಮೂರು ಉತ್ತರಗಳಿದ್ದಾಗ ಅವುಗಳನ್ನು ಕೂಡಿಸುವ ಬಗೆ ಹೇಗೆ? ಹೆಚ್ಚಿನ ಲೈಬ್ರರಿಗಳು ಮೊದಲು ಬಂದ ಎರರನ್ನೋ ಮೊದಲು ಬಂದ ‘ಸುಳ್ಳ’ನ್ನೋ ಒಟ್ಟು ಉತ್ತರವಾಗಿ ಕೊಟ್ಟು ಮುಗಿಸುತ್ತವೆ. ಇದರಲ್ಲಿ ಒಂದು ಸೂಕ್ಷ್ಮ ತೊಡಕಿದೆ. ಪಟ್ಟಿಯಲ್ಲಿ ಒಂದು ಫೈಲ್ ಕಾಣೆಯಾಗಿದೆ, ಇನ್ನೊಂದನ್ನು ನೋಡುವಾಗ ಡಿಸ್ಕ್ ದೋಷ ಬರುತ್ತದೆ ಎಂದಿಟ್ಟುಕೊಳ್ಳಿ. ಯಾವುದರ ಸುದ್ದಿ ಮೊದಲು ಬರುತ್ತದೆ ಎಂಬುದರ ಮೇಲೆ ಒಟ್ಟು ಉತ್ತರ ಒಮ್ಮೆ ‘ಸುಳ್ಳು’, ಒಮ್ಮೆ ಎರರ್ ಆಗುತ್ತದೆ. ಅದೇ ಪಟ್ಟಿ, ಅದೇ ಡಿಸ್ಕ್, ಬೇರೆ ಬೇರೆ ಉತ್ತರ. ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ ರೂಪಿಸಿದ ಮೂರು ಮೌಲ್ಯಗಳ ತರ್ಕದಲ್ಲಿ ಇದಕ್ಕೆ ಸ್ಥಿರವಾದ ಉತ್ತರವಿದೆ: ‘ಎಲ್ಲವೂ’ ಎಂಬ ಪ್ರಶ್ನೆಗೆ ಒಂದೇ ಒಂದು ‘ಇಲ್ಲ’ ಸಿಕ್ಕರೂ, ಬೇರೆಯವು ತಿಳಿಯದೇ ಇದ್ದರೂ, ಉತ್ತರ ‘ಇಲ್ಲ’ವೇ, ‘ಇಲ್ಲ’ ಎಂಬುದು ಒಂದೂ ಇರದೆ ‘ತಿಳಿಯದು’ ಎಂಬುದು ಒಂದಾದರೂ ಇದ್ದರೆ ಮಾತ್ರ ಒಟ್ಟು ಉತ್ತರ ‘ತಿಳಿಯದು’. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ‘ನಲ್’ (ತಿಳಿಯದ) ಮೌಲ್ಯವನ್ನು ‘ಮತ್ತು’ ಎಂಬ ಕ್ರಿಯೆಗೆ ಕೊಟ್ಟಾಗ ನಡೆಯುವುದೂ ಇದೇ. ಬೆಲೆಯೂ ಇದೆ: ಎರರ್ ಬಂದಾಗ ಅಲ್ಲಿಗೇ ನಿಲ್ಲುವಂತಿಲ್ಲ, ಒಂದು ‘ಇಲ್ಲ’ ಸಿಗುವವರೆಗೆ ಅಥವಾ ಪಟ್ಟಿ ಮುಗಿಯುವವರೆಗೆ ಕಾಯಬೇಕು. ಮನುಷ್ಯರು ಓದುವ ವರದಿಗಾಗಿ ಪರೀಕ್ಷಿಸುತ್ತಿದ್ದರೆ ನಾನು ಈ ಎರಡನೆಯ ಕ್ರಮವನ್ನೇ ಆರಿಸುತ್ತೇನೆ. ಎರರ್ ಬಂದೊಡನೆ ಕೈಬಿಡುವುದೇ ಸರಿಯಾದ ಕೆಲಸಗಳಲ್ಲಿ ಮೊದಲನೆಯದು ಸಾಕು.

ಈಗ 3000 ಎಂಬ ಸಂಖ್ಯೆಯ ಕಡೆ ತಿರುಗೋಣ. ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಹೊರಡಿಸಿದರೆ ಅವು ಒಟ್ಟಿಗೆ ನಡೆಯುತ್ತವೆ ಎಂದು ಭಾವಿಸುವುದು ಸಹಜ. ನೋಡ್‌ನಲ್ಲಿ ಕಾಲ್‌ಬ್ಯಾಕ್ ಶೈಲಿಯ ಫೈಲ್ ಕೆಲಸಗಳೆಲ್ಲ ಲಿಬ್‌ಯುವಿ ಎಂಬ ಲೈಬ್ರರಿಯ ಥ್ರೆಡ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಎಳೆ) ಗುಂಪಿನ ಮೂಲಕ ಹಾದುಹೋಗುತ್ತವೆ, ಆ ಗುಂಪಿನಲ್ಲಿ ನೀವು ಬದಲಾಯಿಸದ ಹೊರತು ಇರುವುದು 4 ಥ್ರೆಡ್‌ಗಳು. ಹಾಗಾಗಿ ಒಂದು ಹೊತ್ತಿಗೆ ನಿಜವಾಗಿ ನಡೆಯುವುದು ನಾಲ್ಕೇ ಪರೀಕ್ಷೆ, ಉಳಿದ 2996 ಸಾಲಿನಲ್ಲಿ ನಿಂತಿರುತ್ತವೆ. ಅದೇ ಸಾಲಿನ ಹಿಂದೆ ನಿಮ್ಮ ಪ್ರೋಗ್ರಾಮಿನ ಬೇರೆ ಕೆಲಸಗಳೂ, ಹೋಸ್ಟ್ ಹೆಸರಿನಿಂದ ವಿಳಾಸ ಹುಡುಕುವ ‘ಡಿಎನ್ಎಸ್ ಲುಕಪ್’, ಜಿಪ್ ಮಾಡುವ ಕೆಲಸ ಮುಂತಾದವು, ಕಾಯುತ್ತ ನಿಲ್ಲುತ್ತವೆ. ಫೈಲ್ ಪರೀಕ್ಷೆ ನಡೆಯುವಾಗ ಸಂಬಂಧವೇ ಇಲ್ಲದ ನೆಟ್‌ವರ್ಕ್ ಕೋರಿಕೆ ನಿಧಾನವಾಯಿತು ಎಂಬ ದೂರಿನ ಹಿಂದೆ ಹಲವು ಬಾರಿ ಇದೇ ಇರುತ್ತದೆ.

ಪರೀಕ್ಷೆಯಲ್ಲಿ ಫೈಲನ್ನು ತೆರೆದು, ಮೊದಲ ಕೆಲವು ಬೈಟ್‌ಗಳನ್ನು ಓದಿ, ಮುಚ್ಚುವ ಹಂತಗಳಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಲೂಪ್ ಒಂದೇ ಉಸಿರಿಗೆ 3000 ‘ತೆರೆ’ ಎಂಬ ಕೋರಿಕೆಗಳನ್ನು ಸಾಲಿಗೆ ಹಾಕಿಬಿಟ್ಟಿರುತ್ತದೆ. ಮೊದಲ ಫೈಲನ್ನು ತೆರೆದ ಬಳಿಕ ಹುಟ್ಟುವ ‘ಓದು’, ‘ಮುಚ್ಚು’ ಕೋರಿಕೆಗಳು ಆ 3000ದ ಹಿಂದೆ ಹೋಗಿ ನಿಲ್ಲಬೇಕು. ಅಂದರೆ ಒಂದು ಫೈಲ್ ಮುಚ್ಚುವ ಮೊದಲು ಎಲ್ಲ ಫೈಲ್‌ಗಳೂ ತೆರೆದಿರುತ್ತವೆ. ಥ್ರೆಡ್‌ಗಳು ನಾಲ್ಕೇ ಇದ್ದರೂ ತೆರೆದ ಫೈಲ್‌ಗಳು ಮೂರು ಸಾವಿರ. ಒಂದು ಪ್ರೋಗ್ರಾಮಿಗೆ ಎಷ್ಟು ಫೈಲ್ ತೆರೆಯಬಹುದೆಂಬ ಮಿತಿ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುವುದರಿಂದ, ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆದ ಕೋಡ್ ಸರ್ವರಿನಲ್ಲಿ ‘ಇಎಂಫೈಲ್’ ಎಂಬ ಎರರ್ ಕೊಟ್ಟು ಬೀಳಬಹುದು.

ಪರಿಹಾರ ಒಂದು ಮಿತಿ ಇಟ್ಟುಕೊಳ್ಳುವುದು. ಮುಂದೆ ಯಾವ ಅಂಶವನ್ನು ಹೊರಡಿಸಬೇಕು ಎಂಬ ಸೂಚಿ, ಈಗ ನಡೆಯುತ್ತಿರುವುದು ಎಷ್ಟು ಎಂಬ ಎಣಿಕೆ, ಇವೆರಡನ್ನು ಇಟ್ಟುಕೊಂಡು, ನಡೆಯುತ್ತಿರುವುದು ಮಿತಿಗಿಂತ ಕಡಿಮೆ ಇರುವವರೆಗೆ ಹೊಸದನ್ನು ಹೊರಡಿಸಿ. ಒಂದು ಮುಗಿದಾಗ ಇನ್ನೊಂದನ್ನು ಹೊರಡಿಸಿ. ‘ಅಸಿಂಕ್’ ಲೈಬ್ರರಿಯಲ್ಲಿ ‘ಎವೆರಿಲಿಮಿಟ್’ ಎಂಬ ಹೆಸರಿನಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ. ಮಿತಿ ಎಷ್ಟಿರಬೇಕೆಂದರೆ, ಫೈಲ್‌ಗಳಿಗೆ ಥ್ರೆಡ್‌ಗಳ ಸಂಖ್ಯೆಗಿಂತ ಸ್ವಲ್ಪ ಹೆಚ್ಚು ಸಾಕು, ನೆಟ್‌ವರ್ಕ್ ಕೋರಿಕೆಗಳಿಗೆ ಎದುರಿನ ಸರ್ವರ್ ಎಷ್ಟನ್ನು ತಾಳಿಕೊಳ್ಳುತ್ತದೆ ಎಂಬುದೇ ಅಳತೆ. ಈ ಮಿತಿಯಿಂದ ಇನ್ನೊಂದು ಲಾಭವಿದೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಎಲ್ಲವನ್ನೂ ಒಟ್ಟಿಗೆ ಹೊರಡಿಸಿದರೆ ಐದನೆಯ ಫೈಲಿನಲ್ಲೇ ‘ಸುಳ್ಳು’ ಎಂದು ತಿಳಿದರೂ 3000 ಪರೀಕ್ಷೆಗಳೂ ನಡೆದೇ ತೀರುತ್ತವೆ, ಉತ್ತರ ಬೇಗ ತಿಳಿದದ್ದು ಉಳಿತಾಯವಾಗುವುದಿಲ್ಲ. ಹತ್ತರ ಮಿತಿಯಿದ್ದರೆ, ಉತ್ತರ ತಿಳಿದ ಕ್ಷಣದಲ್ಲಿ ಇನ್ನೂ ಹೊರಡದ ಸಾವಿರಾರು ಪರೀಕ್ಷೆಗಳನ್ನು ಹೊರಡಿಸದೆಯೇ ಬಿಡಬಹುದು.

ಆದರೂ ಹೊರಟಿರುವ ಒಂಬತ್ತು ಉಳಿದಿರುತ್ತವೆ. ಉತ್ತರ ಕೊಟ್ಟ ಮೇಲೆ ಅವುಗಳ ಫಲಿತಾಂಶವನ್ನು ನಿಮ್ಮ ಗುರುತು ತಳ್ಳಿಹಾಕುತ್ತದೆ, ಕೆಲಸವನ್ನು ಮಾತ್ರ ನಿಲ್ಲಿಸುವುದಿಲ್ಲ. ಕೊನೆಯ ಕಾಲ್‌ಬ್ಯಾಕಿನಲ್ಲಿ ನೀವು ತಾತ್ಕಾಲಿಕ ಫೋಲ್ಡರನ್ನು ಅಳಿಸಿದರೆ ಅಥವಾ ಡೇಟಾಬೇಸ್ ಸಂಪರ್ಕವನ್ನು ಮುಚ್ಚಿದರೆ, ಇನ್ನೂ ನಡೆಯುತ್ತಿರುವ ಪರೀಕ್ಷೆಗಳ ಕಾಲಡಿಯ ನೆಲವನ್ನೇ ಎಳೆದಂತಾಗುತ್ತದೆ. ಅಂಥ ಹಂಚಿಕೊಂಡ ಸಂಪನ್ಮೂಲವಿದ್ದರೆ, ಉತ್ತರವನ್ನು ತಿಳಿದೊಡನೆ ಬರೆದಿಟ್ಟುಕೊಂಡು, ಹೊರಟಿರುವ ಪರೀಕ್ಷೆಗಳೆಲ್ಲ ಹಿಂದಿರುಗಿದ ಮೇಲೆಯೇ ಕೊನೆಯ ಕಾಲ್‌ಬ್ಯಾಕನ್ನು ಕರೆಯಿರಿ. ಇಲ್ಲದಿದ್ದರೆ ತಕ್ಷಣ ಕೊಡಬಹುದು. ‘ಅಬಾರ್ಟ್‌ಕಂಟ್ರೋಲರ್’ ಮೂಲಕ ನಿಲ್ಲಿಸಿ ಎಂದು ಸೂಚಿಸುವ ಸೌಲಭ್ಯ ಫೈಲ್ ಓದುವ ‘ರೀಡ್‌ಫೈಲ್’ಗೂ ನೆಟ್‌ವರ್ಕಿನ ‘ಫೆಚ್’ಗೂ ಇದೆ, ಫೈಲ್ ಓದಲು ಸಿಗುತ್ತದೆಯೇ ಎಂದು ನೋಡುವ ‘ಆ್ಯಕ್ಸೆಸ್’ಗೆ ಇಲ್ಲ.

‘ಫಿಲ್ಟರ್’ ಮತ್ತು ‘ಫೈಂಡ್’ಗಳನ್ನು ಇದೇ ರೀತಿ ಬರೆಯಲು ಹೊರಟರೆ ಕ್ರಮದ ಪ್ರಶ್ನೆ ಏಳುತ್ತದೆ. ಉತ್ತರ ಬಂದಂತೆ ಹೊಸ ಅರೇಗೆ ಸೇರಿಸುತ್ತ ಹೋದರೆ ಬೇಗ ಮುಗಿದದ್ದು ಮುಂದೆ ಬರುತ್ತದೆ. ಪ್ರತಿ ಅಂಶದ ಉತ್ತರವನ್ನು ಅದರ ಸೂಚಿಯ ಜಾಗದಲ್ಲೇ ಇಟ್ಟು, ಕೊನೆಯಲ್ಲಿ ಒಮ್ಮೆಗೇ ಸೋಸಿದರೆ ಮೂಲ ಕ್ರಮ ಉಳಿಯುತ್ತದೆ. ‘ಅಸಿಂಕ್’ ಲೈಬ್ರರಿಯಲ್ಲಿ ‘ಫೈಂಡ್’ನ ಕೆಲಸ ಮಾಡುವ ‘ಡಿಟೆಕ್ಟ್’ ಕೊಡುವುದು ಮೊದಲು ‘ನಿಜ’ ಎಂದ ಅಂಶವನ್ನು, ಅದು ಪಟ್ಟಿಯಲ್ಲಿ ಮೊದಲನೆಯದೇ ಆಗಿರಬೇಕಿಲ್ಲ. ಕ್ರಮ ಮುಖ್ಯವಾದರೆ ಒಂದಾದ ಮೇಲೊಂದರಂತೆ ನೋಡುವ ‘ಡಿಟೆಕ್ಟ್‌ಸೀರೀಸ್’ ಬಳಸಿ.

ಇಷ್ಟೆಲ್ಲವನ್ನೂ ಈಗ ಕೈಯಿಂದ ಬರೆಯಬೇಕೇ ಎಂದರೆ, ಹೊಸ ಕೋಡಿಗೆ ಬೇಕಿಲ್ಲ. ‘ಫಾರ್-ಆಫ್’ ಲೂಪಿನೊಳಗೆ ಪ್ರತಿ ಅಂಶದ ಪರೀಕ್ಷೆಯನ್ನು ‘ಅವೇಟ್’ ಮಾಡಿ, ‘ಸುಳ್ಳು’ ಬಂದೊಡನೆ ಹಿಂದಿರುಗುವ ನಾಲ್ಕು ಸಾಲುಗಳು ಒಂದೇ ಬಾರಿ ಉತ್ತರಿಸುತ್ತವೆ, ಖಾಲಿ ಪಟ್ಟಿಗೆ ಸರಿಯಾಗಿ ವರ್ತಿಸುತ್ತವೆ, ಹಿಂದೆ ಯಾವ ಕೆಲಸವನ್ನೂ ಉಳಿಸುವುದಿಲ್ಲ. ಅದು ನಿಧಾನವೆಂದು ಅಳೆದು ಕಂಡ ಮೇಲೆ ಮಾತ್ರ ಮಿತಿಯುಳ್ಳ ವಿಧಾನಕ್ಕೆ ಹೋಗಿ. ‘ಮ್ಯಾಪ್’ ಮೂಲಕ ಪ್ರತಿ ಅಂಶಕ್ಕೂ ಪರೀಕ್ಷೆ ಹೊರಡಿಸಿ, ಎಲ್ಲ ಪ್ರಾಮಿಸ್‌ಗಳಿಗೂ ಕಾಯುವ ‘ಪ್ರಾಮಿಸ್.ಆಲ್’ಗೆ ಕೊಟ್ಟು, ಬಂದ ಅರೇಯ ಮೇಲೆ ‘ಎವೆರಿ’ ನಡೆಸುವುದೂ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ ಎಲ್ಲವನ್ನೂ ಒಟ್ಟಿಗೆ ಹೊರಡಿಸುತ್ತದೆ ಮತ್ತು ‘ಸುಳ್ಳು’ ಬಂದಮೇಲೂ ಎಲ್ಲಕ್ಕೂ ಕಾಯುತ್ತದೆ. 2021ರಲ್ಲಿ ಬಂದ, ಮೊದಲು ಯಶಸ್ವಿಯಾದ ಪ್ರಾಮಿಸ್‌ನ ಉತ್ತರ ಕೊಡುವ ‘ಪ್ರಾಮಿಸ್.ಎನಿ’ಯಿಂದ ‘ಸಮ್’ ಕಟ್ಟಲು ಹೋಗಬೇಡಿ; ಅದಕ್ಕೆ ‘ಸುಳ್ಳು’ ಎಂಬುದೂ ಯಶಸ್ಸೇ, ಅದನ್ನು ರಿಜೆಕ್ಷನ್ ಆಗಿ ತಿರುಗಿಸಿದರೆ ನಿಜವಾದ ಎರರ್‌ಗಳೂ ‘ಇಲ್ಲ’ ಎಂಬ ಉತ್ತರಗಳೂ ಒಂದೇ ರಾಶಿಯಲ್ಲಿ ಬೆರೆಯುತ್ತವೆ.

ನಿಮ್ಮ ಫಂಕ್ಷನ್ನನ್ನೇ ಉಳಿಸಿಕೊಳ್ಳುವುದಾದರೆ ಅದನ್ನು ಪರೀಕ್ಷಿಸಲು ಟೈಮರ್‌ಗಳನ್ನು ಬಳಸಬೇಡಿ. ಏನನ್ನೂ ಮಾಡದೆ, ತನಗೆ ಬಂದ ಕಾಲ್‌ಬ್ಯಾಕನ್ನು ಒಂದು ಅರೇಯಲ್ಲಿ ಇಟ್ಟುಕೊಳ್ಳುವ ಹುಸಿ ಪರೀಕ್ಷೆಯೊಂದನ್ನು ಬರೆಯಿರಿ. ಆಮೇಲೆ ಟೆಸ್ಟಿನ ಒಳಗಿಂದ ಆ ಕಾಲ್‌ಬ್ಯಾಕ್‌ಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ನೀವೇ ಕರೆಯಿರಿ: ಕೊನೆಯದನ್ನು ಮೊದಲು, ‘ಸುಳ್ಳಿ’ನ ಬಳಿಕ ಎರರ್, ಎರಡು ‘ಸುಳ್ಳು’ಗಳು ಬೆನ್ನುಬೆನ್ನಿಗೆ, ಒಂದನ್ನೇ ಎರಡು ಬಾರಿ. ಯಾವ ಕ್ರಮದಲ್ಲಿ ಕರೆದರೂ ಕೊನೆಯ ಕಾಲ್‌ಬ್ಯಾಕ್ ಒಮ್ಮೆ ಮಾತ್ರ ಬರಬೇಕು. ನಿಮ್ಮ ಬಗ್ ಮೂರನೆಯ ಕ್ರಮದಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಉಳಿದದ್ದು, ನಿಮಗೆ ಬೇಕಾಗಿರುವುದು ‘ಎವೆರಿ’ಯೇ ಎಂಬ ಅನುಮಾನ. ಫೈಲ್ ಇದೆಯೆಂದು ಮೊದಲೇ ನೋಡಿಕೊಂಡು ಆಮೇಲೆ ತೆರೆಯುವುದನ್ನು ನೋಡ್‌ನ ದಾಖಲೆಗಳೇ ಬೇಡವೆನ್ನುತ್ತವೆ, ಏಕೆಂದರೆ ನೋಡಿದ ಕ್ಷಣಕ್ಕೂ ತೆರೆಯುವ ಕ್ಷಣಕ್ಕೂ ನಡುವೆ ಫೈಲನ್ನು ಯಾರಾದರೂ ಅಳಿಸಬಹುದು. ತೆರೆಯುವಾಗ ಬರುವ ಎರರನ್ನು ನಿಭಾಯಿಸುವ ಕೋಡ್ ಹೇಗೂ ಬೇಕೇ ಬೇಕು. ಮುಂದಿನ ಕೆಲಸ ದೀರ್ಘವಾಗಿದ್ದು, ಅರ್ಧಕ್ಕೆ ನಿಲ್ಲಬಾರದೆಂದು ಮುಂಚಿತವಾಗಿ ನೋಡುತ್ತಿದ್ದರೆ ಅದು ಸಕಾರಣವೇ. ಆದರೆ ಆಗ ಬಳಕೆದಾರರು ಕೇಳುವ ಮೊದಲ ಪ್ರಶ್ನೆ ‘ಯಾವ ಫೈಲ್ ಇಲ್ಲ?’ ಎಂಬುದು, ಅದಕ್ಕೆ ‘ಸುಳ್ಳು’ ಎಂಬ ಒಂದು ಪದ ಉತ್ತರವಾಗದು. ಸಿಗದ ಫೈಲ್‌ಗಳ ಪಟ್ಟಿ, ತಿಳಿಯಲಾಗದ ಫೈಲ್‌ಗಳ ಪಟ್ಟಿ, ಈ ಎರಡನ್ನು ಹಿಂತಿರುಗಿಸುವ ಮಿತಿಯುಳ್ಳ ‘ಫಿಲ್ಟರ್’ ಬರೆಯಿರಿ. ಎರಡೂ ಖಾಲಿ ಇದ್ದರೆ ಮುಂದಿನ ಹಂತಕ್ಕೆ ಹೋಗಬಹುದು, ಮತ್ತು ಮಧ್ಯದಲ್ಲೇ ನಿಲ್ಲಿಸುವ ಅಗತ್ಯವಿಲ್ಲದ್ದರಿಂದ ಉತ್ತರ ಕೊಡುವ ಕ್ಷಣವೂ ಕೆಲಸ ಮುಗಿಯುವ ಕ್ಷಣವೂ ಮತ್ತೆ ಒಂದೇ ಆಗುತ್ತವೆ.